ಸದ್ದಿಲ್ಲದೆ ತುಂಬುವ ಟ್ಯಾಂಕು

೨೦೨೫ ಆಗಸ್ಟ್ ೧೪, ಗುರುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಅಮ್ಮಾನ್‌ನ ಹಾಶ್ಮಿ ಗುಡ್ಡಕ್ಕೆ ವಾರದ ನೀರು ಬಂದಾಗ ನಾನು ಉಮ್ ಗೈತ್ ಅವರ ತಾರಸಿಯ ಮೇಲಿದ್ದೆ. ಸುತ್ತಲಿನ ತಾರಸಿಗಳಲ್ಲಿ ತಗಡಿನ ಟ್ಯಾಂಕುಗಳು ಧಡಧಡ ಸದ್ದು ಮಾಡುತ್ತ ತುಂಬತೊಡಗಿದವು. ಇವರದು ಮಾತ್ರ ಮೌನವಾಗಿ ತುಂಬುತ್ತಿತ್ತು. ಗಮನಿಸಿದೆ, ಆದರೆ ಕೇಳಲಿಲ್ಲ.

ನಮ್ಮ ಪುಟ್ಟ ಕಂಪನಿ ನೀರಿನ ಮಟ್ಟ ತೋರಿಸುವ ಮಾಪಕವನ್ನೂ ಟ್ಯಾಂಕು ತೊಳೆದು ರಿಪೇರಿ ಮಾಡುವ ಸೇವೆಯನ್ನೂ ಸೇರಿಸಿ ಒಂದೇ ಚಂದಾಕ್ಕೆ ಕೊಡಲು ಹೊರಟಿತ್ತು. ಬರೀ ಮಾಪಕ ಮಾರಿದರೆ ಅದು ಮೂಲೆ ಸೇರುತ್ತದೆ. ಬರೀ ಸೇವೆಯೆಂದರೆ ಟ್ಯಾಂಕು ಒಡೆಯುವ ತನಕ ಯಾರೂ ಕರೆಯುವುದಿಲ್ಲ. ವಿನ್ಯಾಸ ಚಿಂತನೆಯ ಪದ್ಧತಿಯಂತೆ ನಾವು ಮೊದಲು ಮನೆಗಳಿಗೆ ಹೋಗಿ ಜನ ಬದುಕುವ ರೀತಿ ನೋಡುತ್ತೇವೆ, ಆಮೇಲೆ ಕಚ್ಚಾ ಮಾದರಿಯೊಂದನ್ನು ಕೂರಿಸಿ ತಿದ್ದುತ್ತ ಹೋಗುತ್ತೇವೆ.

ಎರಡಂತಸ್ತಿನ ಆ ಮನೆಯ ಒಡತಿ ಉಮ್ ಗೈತ್ ಪ್ರಯೋಗಕ್ಕೆ ಒಪ್ಪಿದ್ದು ತಮ್ಮದೇ ಕಾರಣಕ್ಕೆ.

"ಇದು ಕಳ್ಳನ್ನ ಹಿಡಿಯತ್ತೇನಮ್ಮಾ?"

"ನೀರಿನ ಮಟ್ಟ ತೋರಿಸತ್ತೆ, ಚಿಕ್ಕಮ್ಮ."

"ಅಷ್ಟೇ ಸಾಕು. ಕಳ್ಳ ಯಾರು ಅಂತ ನಂಗೊತ್ತು." ಅವರ ಬೆರಳು ಕೆಳಮನೆಯತ್ತ ತಿರುಗಿತು. "ಸಾಕ್ಷಿ ಸಿಕ್ಕಿದ ದಿನವೇ ಮನೆ ಖಾಲಿ ಮಾಡಿಸ್ತೀನಿ."

ಕೆಳಮನೆಯ ಬಾಡಿಗೆದಾರ ಅಬು ಸುಹೈಬ್ ನಿವೃತ್ತ ಬಸ್ ಚಾಲಕ, ಒಂಟಿ. ಬೇರೆ ಮನೆ ಹುಡುಕುವ ವಯಸ್ಸು ಅವರದಾಗಿರಲಿಲ್ಲ. ಮೆಟ್ಟಿಲ ಬಳಿ ನನ್ನನ್ನು ತಡೆದರು.

"ನೀರಿನ ಇಲಾಖೆಯವಳಾ ನೀನು, ಇಲ್ಲ ಮೇಲಿನವಳ ಬೇಹುಗಾರ್ತಿಯಾ?"

ಅಂದು ಮಧ್ಯಾಹ್ನ ಉಮ್ ಗೈತ್ ಮಗಳ ಮನೆಗೆ ಹೋಗಿದ್ದರು. ನಲ್ಲಿಗಳೆಲ್ಲ ಬಂದ್. ಬೀದಿಯ ನೀರು ನಿಂತದ್ದೇ ತಡ, ಟ್ಯಾಂಕಿನ ಮಟ್ಟ ಇಳಿಯತೊಡಗಿತು. ಬೆಳಿಗ್ಗೆ ನಾನು ಟ್ಯಾಂಕಿನ ಹೊರಮೈಗೆ ಕೂರಿಸಿದ್ದ ಮಾಪಕ ಸರಿಯಾಗಿತ್ತು, ಎರಡು ಸಲ ಪರೀಕ್ಷಿಸಿದೆ. ಕಚೇರಿಗೆ ಮರಳಿ ವಿಷಯ ಹೇಳಿದಾಗ ಸಹೋದ್ಯೋಗಿ ನವಾರ್ ಕುರ್ಚಿಯಿಂದ ಎದ್ದೇಬಿಟ್ಟ.

"ಕಳ್ಳತನದ ಎಚ್ಚರಿಕೆ ಅಂತಲೇ ಮಾರೋಣ ಕಣೇ! ಅನುಮಾನ ತಂದುಕೊಡೋಷ್ಟು ಗಿರಾಕೀನ ಯಾವ ಜಾಹೀರಾತೂ ತರಲ್ಲ."

ನಿಜ ಹೇಳಬೇಕೆಂದರೆ ನನಗೂ ಅಬು ಸುಹೈಬ್ ಮೇಲೆಯೇ ಅನುಮಾನ. ಆದರೆ ನೀರು ಇಳಿಯಿತು ಎಂಬುದಷ್ಟೇ ಮಾಪಕಕ್ಕೆ ಗೊತ್ತು. ಯಾರು ಇಳಿಸಿದರು ಎಂಬುದು ಗೊತ್ತಿಲ್ಲ. ಟ್ಯಾಂಕು ಸದ್ದಿಲ್ಲದೆ ತುಂಬಿದ್ದೂ ನನ್ನನ್ನು ಕೊರೆಯುತ್ತಿತ್ತು.

ಮುಂದಿನ ಗುರುವಾರ ಮೊದಲು ಟ್ಯಾಂಕಿನ ಮುಚ್ಚಳ ತೆಗೆದೆ. ನೀರು ಬೀಳುವ ಕೊಳವೆಯ ಬಾಯಿಗೆ ಹಸಿರು ರಬ್ಬರ್ ಪೈಪೊಂದನ್ನು ಸಿಕ್ಕಿಸಿ ತಳದವರೆಗೆ ಇಳಿಬಿಟ್ಟಿದ್ದರು.

"ಇದೇನು ಚಿಕ್ಕಮ್ಮ?"

ಅವರು ದನಿ ತಗ್ಗಿಸಿದರು. "ಮಗ ಹಾಕಿಕೊಟ್ಟಿದ್ದು. ನಮಗೆಷ್ಟು ಹೊತ್ತು ನೀರು ಬಂತು ಅಂತ ಆ ಮನುಷ್ಯನಿಗೆ ಯಾಕೆ ಕೇಳಿಸಬೇಕು?"

ಆಗ ಅರ್ಥವಾಯಿತು. ಎರಡೂ ಮನೆಗೆ ಬೀದಿಯಿಂದ ಬರುವ ಕೊಳವೆ ಒಂದೇ. ಬೀದಿಯ ನೀರಿನ ಒತ್ತಡ ನಿಂತ ಕೂಡಲೇ, ನೀರಿನಲ್ಲಿ ಮುಳುಗಿದ ಪೈಪು ಮೇಲಿನ ಟ್ಯಾಂಕಿನ ನೀರನ್ನು ಹಿಂದಕ್ಕೆ ಎಳೆದು ಕೆಳಮನೆಯ ಸಂಪಿಗೆ, ಅಂದರೆ ನೆಲದಡಿಯ ನೀರಿನ ತೊಟ್ಟಿಗೆ, ಸುರಿಯುತ್ತಿತ್ತು. ಆದರೆ ನನ್ನ ಬಾಯಿಮಾತನ್ನು ಉಮ್ ಗೈತ್ ನಂಬುವವರಲ್ಲ.

"ಅಬು ಸುಹೈಬ್ ಅವರನ್ನ ಇಲ್ಲಿ ತಾರಸಿಗೆ ಚಹಾಕ್ಕೆ ಕರೀರಿ," ಎಂದೆ.

"ಎಷ್ಟು ಕೊಟ್ಟ ನಿಂಗೆ?"

"ಕಣ್ಣೆದುರು ಕೂತಿದ್ರೆ ಕದಿಯೋಕಾಗಲ್ಲ ತಾನೆ?"

ಈ ಮಾತು ಅವರಿಗೆ ಹಿಡಿಸಿತು. ಅಬು ಸುಹೈಬ್ ಬಂದು ಲೋಟವನ್ನು ಮೂಸಿ ನೋಡಿದರು.

"ಏನು ಬೆರೆಸಿದೀಯಮ್ಮಾ ಇದಕ್ಕೆ?"

"ಮರಮಿಯ್ಯ ಸೊಪ್ಪು. ನಿಂಗೆ ವಿಷ ಬೇರೆ ದಂಡ ಮಾಡ್ಲಾ?"

ಸುತ್ತಲಿನ ಸದ್ದು ಅಡಗಿತು. ಬೀದಿಯ ನೀರು ನಿಂತಿತು. ಮಾಪಕ ಎಂಬತ್ತಾರು ಸೆಂಟಿಮೀಟರ್ ತೋರಿಸುತ್ತಿತ್ತು. ಮೂವರೂ ಅದನ್ನೇ ನೋಡುತ್ತ ಕುಳಿತೆವು. ಎಂಬತ್ತೈದು. ಎಂಬತ್ನಾಲ್ಕು.

"ಕೆಳಗೆ ಯಾರನ್ನ ಬಿಟ್ಟು ಬಂದಿದೀಯೋ?" ಉಮ್ ಗೈತ್ ಗುಡುಗಿದರು.

"ಬೆಕ್ಕನ್ನ. ಅದಿನ್ನೂ ನಲ್ಲಿ ತಿರುಗಿಸೋದು ಕಲ್ತಿಲ್ಲ." ಅವರು ಮನೆಯ ಕೀಲಿ ಎಸೆದರು. "ಹೋಗಿ ನೋಡ್ಕೊಂಡು ಬಾ."

ಆಕೆ ನಿಜಕ್ಕೂ ಇಳಿದು ಹೋದರು. ಏದುಸಿರು ಬಿಡುತ್ತ ಮರಳಿದಾಗ ಮುಖ ಬಿಳಿಚಿತ್ತು. "ಒಳಗೆ ಒಂದು ನರಪಿಳ್ಳೆ ಇಲ್ಲ. ಸಂಪಿಗೆ ಮಾತ್ರ ನೀರು ಸುರೀತಾ ಇದೆ."

ಅಬು ಸುಹೈಬ್ ಲೋಟ ಕೆಳಗಿಟ್ಟರು. "ಅಂದ್ರೆ ಇಷ್ಟು ದಿನ ನಾನು ಕುಡಿದದ್ದು ನಿನ್ನ ನೀರಾ?"

ನಾನು ಕಾರಣ ವಿವರಿಸಿ, ರಬ್ಬರ್ ಪೈಪನ್ನು ಕಿತ್ತು ಹೊರಗೆಳೆದೆ. ಮುಂದೆ ಪ್ರತಿ ಚಂದಾದಲ್ಲೂ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್ ಇರಬೇಕು, ಚಂದಾ ಇಡೀ ಕಟ್ಟಡಕ್ಕೆ ಒಂದೇ ಆಗಬೇಕು, ನವಾರ್‌ನ ಎಚ್ಚರಿಕೆ ಮಾತ್ರ ಬೇಡ ಎಂದು ಅಲ್ಲೇ ನಿರ್ಧರಿಸಿದೆ.

"ಇನ್ಮೇಲೆ ನನ್ನ ಟ್ಯಾಂಕಿನ ಸದ್ದು ಊರಿಗೆಲ್ಲ ಕೇಳತ್ತೆ," ಎಂದು ಉಮ್ ಗೈತ್ ಗೊಣಗಿದರು. ಕ್ಷಮೆ ಕೇಳಲಿಲ್ಲ. ಕೀಲಿಯನ್ನು ಅಬು ಸುಹೈಬ್ ಅವರ ಕೈಗಿಟ್ಟು, ಲೋಟಕ್ಕೆ ಮತ್ತೆ ಚಹಾ ಸುರಿದರು. "ಕೂತ್ಕೋ. ಇನ್ನೊಂದು ಗಂಟೆ ನೋಡೋಣ. ನಂಗಿನ್ನೂ ಪೂರ್ತಿ ನಂಬಿಕೆ ಬಂದಿಲ್ಲ."

ಒಂದು ಗಂಟೆ ಕುಳಿತೆವು. ಪೈಪು ಕಿತ್ತಾಗ ಮಟ್ಟ ಎಂಬತ್ತೊಂದು ಸೆಂಟಿಮೀಟರ್ ಇತ್ತು. ಗಂಟೆಯ ನಂತರವೂ ಎಂಬತ್ತೊಂದು ಸೆಂಟಿಮೀಟರ್.