ಎಂಬತ್ತು ಮಾರು ಹಗ್ಗ

ರಾಟೆ ತಿರುಗಿದಂತೆಲ್ಲ ನಾರಿನ ಧೂಳು ಬಿಸಿಲಿಗೆ ಎದ್ದು ನಿಲ್ಲುತ್ತದೆ, ಕೆಳಗಿಳಿಯುವುದಕ್ಕೆ ಅವಸರವೇ ಇಲ್ಲದ ಹಾಗೆ, ಮೇಲೆ ಆಕಾಶದ ಹಡಗಿನಲ್ಲಿ ಧೂಳು ಇಳಿಯುವುದೇ ಇಲ್ಲ, ಎದ್ದದ್ದು ಎದ್ದ ಹಾಗೇ ಇರುತ್ತದೆ, ಇಲ್ಲಿ ಇಳಿಯುತ್ತದೆ, ಅವ್ವನ ಸೆರಗಿನ ಮೇಲೆ, ಮೋಟರಿನ ಮೇಲೆ, ನನ್ನ ಮೊಣಕಾಲಿನ ಮೇಲೆ – ನಾನು ಬಿಳಿಗೆರೆಗೆ ಬಂದು ಹನ್ನೊಂದು ದಿನವಾಯಿತು, ರಜೆ ಇನ್ನೂ ಒಂಬತ್ತು ದಿನ ಇದೆ, ಊರಿಗೆ ಹೋಗಿ ಚೆನ್ನಾಗಿ ನಿದ್ದೆ ಮಾಡು ಎಂದು ಸೇನೆಯ ಡಾಕ್ಟರು ಹೇಳಿ ಕಳಿಸಿದ್ದಾರೆ, ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆ, ಅದರಲ್ಲೇನೂ ತೊಂದರೆಯಿಲ್ಲ. ಅವ್ವ ಮಡಿಲಿನ ನಾರನ್ನು ಬೆರಳಿನಿಂದ ಬಿಡುತ್ತಾ ಹಿಂದಹಿಂದಕ್ಕೆ ನಡೆಯುತ್ತಾಳೆ, ಹುರಿ ಅವಳ ಮುಂದೆ ಉದ್ದವಾಗುತ್ತದೆ, ಅವಳ ಎಡಗೈ ಹೆಬ್ಬೆರಳು ಮಡಚುವುದಿಲ್ಲ, ಹತ್ತು ವರ್ಷದ ಹಿಂದೆ ಬೆಲ್ಟಿಗೆ ಸಿಕ್ಕಿದ್ದು, ಆದ್ದರಿಂದ ಮಾರಿಗೊಂದು ಕಡೆ ನಾರು ಜಾಸ್ತಿ ಬಿದ್ದು ಹುರಿ ಸ್ವಲ್ಪ ಉಬ್ಬುತ್ತದೆ, ಒಂದು ಉಬ್ಬು ಹುಣಸೆಬೀಜದಷ್ಟು, ಇನ್ನೊಂದು ಗೋಲಿಯಷ್ಟು, ಒಂದರ ಹಾಗೆ ಇನ್ನೊಂದಿಲ್ಲ. ಪಕ್ಕದ ರಾಟೆಯ ಚೈತ್ರ ಭಾನುವಾರ ಹುಳಿಯಾರಿಗೆ, ತವರಿಗೆ ಹೋಗಿದ್ದಳು, ಅಲ್ಲಿಂದ ಒಂದು ಮಾತು ತಂದಿದ್ದಾಳೆ, ನನ್ನ ಜೊತೆಯ ಸೈನಿಕ ದಯಾನಂದ ಸತ್ತದ್ದು ಬಿಳಿಗೆರೆಯ ಹಗ್ಗ ಕಿತ್ತುಹೋಗಿ ಎಂದು ಅಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದಾರಂತೆ, ಬೋರಮ್ಮನ ಕೈ ಹಗ್ಗವಂತೆ ಎಂದು ಅವ್ವನ ಹೆಸರು ಹಿಡಿದೇ ಹೇಳುತ್ತಿದ್ದಾರಂತೆ – ಚೈತ್ರ ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಹೇಳಿ ಮುಗಿಸಿ ಕಣ್ಣೊರೆಸಿಕೊಂಡಳು, ಇವತ್ತು ರಾಟೆಗೂ ಬಂದಿಲ್ಲ. ಅವ್ವ ನಿನ್ನೆ ಮಧ್ಯಾಹ್ನದ ಮುದ್ದೆಯನ್ನು ಹಾಗೇ ಬಿಟ್ಟು ಎದ್ದಳು. ಇವತ್ತು ಪ್ರತಿ ಉಬ್ಬಿನ ಹತ್ತಿರವೂ ನಿಂತು, ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡುತ್ತಿದ್ದಾಳೆ.

ದಯಾನಂದ ಹುಳಿಯಾರಿನವನು, ತುಕಡಿಯ ಆರು ಸೈನಿಕರಲ್ಲಿ ಕನ್ನಡದವರು ನಾವಿಬ್ಬರೇ, ಅವನು ಹಡಗಿನಿಂದ ಹೊರಗೆ ಹೋಗುವವನು, ನಾನು ಹಗ್ಗ ಹಿಡಿಯುವವಳು, ಎರಡು ವರ್ಷ ಹಾಗೇ ನಡೆಯಿತು. ನಮ್ಮ ಯುದ್ಧ ಮರಿಯಂತ್ರಗಳ ಜೊತೆ, ಮರಿಯಂತ್ರಕ್ಕೆ ಉಕ್ಕಿನ ಸರಪಳಿ ಸಿಕ್ಕರೆ ಉಕ್ಕು, ನೈಲಾನ್ ಸಿಕ್ಕರೆ ನೈಲಾನ್, ತಿಂದು ತನ್ನಂಥದೇ ಇನ್ನೊಂದನ್ನು ಮಾಡುತ್ತದೆ, ಎರಡು ನಾಲ್ಕಾಗುತ್ತದೆ, ಅದಕ್ಕೆ ಸಿಟ್ಟಿಲ್ಲ, ಹಗೆಯಿಲ್ಲ, ಮಾಡಿದವರು ಯಾರೋ, ಅವರನ್ನೂ ಅದು ಉಳಿಸಿಲ್ಲ ಎಂದು ನೆರೆಯವರು ಹೇಳುತ್ತಾರೆ – ನೆರೆಯವರು ಎಂದು ಹೆಸರಿಟ್ಟದ್ದು ನಾವು, ಬೇರೊಂದು ಸೂರ್ಯನ ಕಡೆಯವರು ಅವರು, ತಮ್ಮ ನೆಲವನ್ನು ಮರಿಯಂತ್ರಗಳಿಗೆ ಕಳೆದುಕೊಂಡು, ನಮ್ಮ ನೆಲವಾದರೂ ಉಳಿಯಲಿ ಎಂದು ಹಡಗು ತಂದವರು, ಅವರಲ್ಲದಿದ್ದರೆ ನಾವು ಚಂದ್ರನ ಆಚೆಗೆ ಹೋಗುವುದು ಎಲ್ಲಿಯ ಮಾತು. ಅವರ ಲೋಕದಲ್ಲಿ ಗಿಡಮರ ಎಂಬುದೇ ಇರಲಿಲ್ಲವಂತೆ, ಮರಿಯಂತ್ರಗಳಿಗೂ ಅದರ ಅರಿವಿಲ್ಲ, ಪರೀಕ್ಷೆಗೆ ಒಂದು ತುಂಡು ತೆಂಗಿನ ಹಗ್ಗ ಇಟ್ಟರೆ ಅದರ ಮೇಲೆ ಹತ್ತಿ ಇಳಿದು ಹೋದವು, ಅಲ್ಲಿ ಏನೋ ಇದೆ ಎಂದೇ ಅವುಗಳಿಗೆ ಗೊತ್ತಾಗಲಿಲ್ಲ, ಅಧಿಕಾರಿಗಳು ಒಳ್ಳೆಯ ಹಗ್ಗ ಎಲ್ಲಿ ಸಿಗುತ್ತದೆ ಎಂದರು, ನಮ್ಮವ್ವ ಹೊಸೆಯುತ್ತಾಳೆ ಸಾರ್ ಎಂದು ನಾನೇ ಕೈಯೆತ್ತಿದೆ. ಹಾಗೆ ಅವ್ವನ ಹಗ್ಗ ಮೇಲಕ್ಕೆ ಹೋಯಿತು. ಆ ವರ್ಷ ಹೊನ್ನವಳ್ಳಿ ಬಸ್ಸಿನಲ್ಲಿ ಕಂಡಕ್ಟರು ಅವ್ವನಿಗೆ ಸೀಟು ಬಿಡಿಸಿ ಕೊಟ್ಟನಂತೆ, ಅವಳು ಅದನ್ನು ಫೋನಿನಲ್ಲಿ ಮೂರು ಸಲ ಹೇಳಿದಳು. ನೆರೆಯವರಲ್ಲಿ ಒಬ್ಬ ನಮ್ಮ ಜೊತೆಗಿದ್ದ, ನೆನೆದ ಕಂಬಳಿಯನ್ನು ಮಡಚಿಟ್ಟ ಹಾಗೆ, ಮುಖವಿಲ್ಲ, ಗಾಳಿಯಿಲ್ಲದ ಕಡೆಗೂ ಉಡುಪಿಲ್ಲದೆ ಹೋಗುತ್ತಿದ್ದ, ದಯಾನಂದ ಅವನಿಗೆ ಈರಣ್ಣ ಎಂದು ಹೆಸರಿಟ್ಟ, ತನ್ನ ಸೋದರಮಾವನೂ ಹೀಗೇ ಜಗುಲಿ ಮೇಲೆ ಸುಮ್ಮನೆ ಕೂತಿರುತ್ತಿದ್ದ ಎಂದು. ಈರಣ್ಣ ಮಾತು ಕಲಿತದ್ದು ದಯಾನಂದನಿಂದ, ಮಾತಿನ ಪೆಟ್ಟಿಗೆಯೊಳಗಿಂದ ಹುಳಿಯಾರಿನ ಕನ್ನಡವೇ ಬರುತ್ತಿತ್ತು. ತೆಂಗಿನಕಾಯಿ ಎಂದರೇನೆಂದು ದಯಾನಂದ ಅವನಿಗೆ ಒಂದಿಡೀ ಪಾಳಿ ವಿವರಿಸಿದ, ಸಿಪ್ಪೆ, ಕರಟ, ಕೊಬ್ಬರಿ, ಎಲ್ಲಕ್ಕಿಂತ ಒಳಗೆ ನೀರು, ಈರಣ್ಣ, ನೀರು ಒಳೀಕೆ ಹೆಂಗೋಯ್ತು ಎಂದು ಕೇಳಿದ.

ಅವತ್ತಿನ ಕೆಲಸ ದೊಡ್ಡದಲ್ಲ, ಆಕಾಶದಲ್ಲಿ ತೇಲುವ ಬಂಡೆಯೊಂದರ ಮೇಲಿದ್ದ ಮರಿಯಂತ್ರಗಳ ಗೂಡಿಗೆ ನೆರೆಯವರ ಉಪ್ಪು ಹಾಕಿ ಬರುವುದು, ಆ ಉಪ್ಪು ಬಿದ್ದರೆ ಮರಿಯಂತ್ರ ಮತ್ತೆ ಮರಿ ಹಾಕುವುದಿಲ್ಲ, ದಯಾನಂದ ಹೋದ, ಹಾಕಿದ, ಎಂಬತ್ತು ಮಾರು ಹಗ್ಗ ಬಿಟ್ಟಿದ್ದೆ, ಎಂಬತ್ತನ್ನೂ ಎಣಿಸಿ ಬಿಟ್ಟಿದ್ದೆ. ನಾನು ಹಡಗಿನ ಬಾಗಿಲಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದೇನೆ, ಪಕ್ಕದಲ್ಲಿ ಈರಣ್ಣ, ಎಳಿ ಭಾನು, ಮುಗೀತು, ಬತ್ತೀನಿ ಎಂದು ರೇಡಿಯೋದಲ್ಲಿ ದಯಾನಂದನ ದನಿ, ಎಳೆಯುತ್ತೇನೆ, ಅವನೂ ಅತ್ತಲಿಂದ ಹಗ್ಗ ಹಿಡಿದು ಬರುತ್ತಾನೆ, ಐವತ್ತು ಮಾರು ಒಳಗೆ ಬಂತು, ಇನ್ನು ಮೂವತ್ತು, ಅವನ ಭುಜದ ಪಟ್ಟಿ ಕಾಣುತ್ತದೆ, ಎಳೆದೆ, ಹತ್ತು ಮಾರು ಬಂತು, ಅವನು ಬರಲಿಲ್ಲ. ಇನ್ನೂ ಹತ್ತು ಎಳೆದೆ, ಹಗ್ಗ ಬಂತು, ಅವನು ಅಷ್ಟೇ ದೂರದಲ್ಲಿದ್ದ. ಬರುತ್ತಿದ್ದೇನೆ ಎಂದೇ ಅವನು ತಿಳಿದಿದ್ದ, ಏನೋ ಹೇಳುತ್ತಲೂ ಇದ್ದ, ಸಾರಿನ ವಿಷಯ, ಹುರುಳಿ ಬಸ್ಸಾರಿನ ವಿಷಯ. ಆಗ ಕೈಗವಸಿನೊಳಗಿನ ನನ್ನ ಅಂಗೈಗೆ ತಾಗುತ್ತಾ ಒಂದು ಉಬ್ಬು ಹಾದುಹೋಯಿತು, ಹುಣಸೆಬೀಜದಷ್ಟು, ಬಲಕ್ಕೆ ಸ್ವಲ್ಪ ಚೂಪು, ಒಂದು ಮಾರಿನ ನಂತರ ಇನ್ನೊಂದು, ಹುಣಸೆಬೀಜದಷ್ಟು, ಬಲಕ್ಕೆ ಚೂಪು, ಇನ್ನೊಂದು, ಅದೇ, ನಾಲ್ಕನೆಯದು, ಅದೇ – ಅವ್ವನ ಕೈಯಲ್ಲಿ ಒಂದೇ ಉಬ್ಬು ಎರಡು ಸಲ ಬಂದದ್ದಿಲ್ಲ, ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಮರಿಯಂತ್ರಗಳು ಹಗ್ಗವನ್ನು ಕಲಿತಿವೆ ಎಂದು ನನಗೆ ಅಂಗೈಯಿಂದಲೇ ತಿಳಿಯಿತು, ಭಯಕ್ಕಿಂತ ಮುಂಚೆ ತಿಳಿಯಿತು. ನಡುವಿನ ಒಂದು ಮಾರನ್ನು ನೋಡಿ ಅದನ್ನೇ ಮತ್ತೆ ಮತ್ತೆ ಹೊಸೆಯುತ್ತಿವೆ, ನಾನು ಎಳೆದಷ್ಟೂ ಹೊಸೆಯುತ್ತಿವೆ. ಈರಣ್ಣನ ಕಂಬಳಿಯಂಚು ಹಗ್ಗವನ್ನು ಮುಟ್ಟಿ ಹಿಂದೆ ಸರಿಯಿತು, ಇದು ಹಗ್ಗ ಅಲ್ಲ ಎಂದ, ಅವುನ್ ಸೊಂಟುಕ್ಕೂ ಹತ್ತೈತೆ, ಅವುನ್ನ ಒಳೀಕೆ ತರಂಗಿಲ್ಲ ಎಂದ. ಹಡಗಿನಲ್ಲಿ ಉಳಿದವರು, ಹಡಗು ನಡೆಸುವವರೂ ಸೇರಿ, ಎಂಟು ಜನ, ಅವರ ಹಿಂದೆ ಭೂಮಿ, ಆದರೆ ಆಗ ನಾನು ಭೂಮಿಯನ್ನು ನೆನೆಯಲಿಲ್ಲ, ಹಾಗೆ ನೆನೆದೆ ಎಂದು ಆಮೇಲೆ ಸೇನೆಯ ವಿಚಾರಣೆಯಲ್ಲಿ ಹೇಳಿದ್ದು ಸುಳ್ಳು, ನಾಲ್ಕು ಉಬ್ಬನ್ನು ಒಂದೊಂದಾಗಿ ಹೊರಗೆ ಬಿಟ್ಟೆ, ಅದರ ಹಿಂದಿನದು ಅವ್ವನ ಉಬ್ಬು, ಗೋಲಿಯಂಥದು, ಅಲ್ಲಿ ಗಾಜಿನ ಚೂರಿ ಇಟ್ಟೆ. ಅವ್ವನ ಹಗ್ಗ ಬೇಗ ಕುಯ್ಯಲಿಲ್ಲ. ಆ ಹೊತ್ತಿಗೆ ಅವನ ದನಿ ನಿಂತುಹೋಗಿತ್ತು, ರೇಡಿಯೋವನ್ನೂ ಅವು ಮುಟ್ಟಿರಬೇಕು, ಆದ್ದರಿಂದ ನಾನು ಅವನಿಗೆ ಏನನ್ನೂ ಹೇಳಲಿಲ್ಲ, ದನಿ ಇದ್ದಿದ್ದರೂ ಹೇಳುತ್ತಿದ್ದೆನೋ ಗೊತ್ತಿಲ್ಲ. ಹಗ್ಗ ಎರಡಾಯಿತು, ಅವನು ಎಳೆಯುತ್ತಲೇ ಇದ್ದ, ಒಂದು ಕೈ, ಅದರ ಮುಂದೆ ಇನ್ನೊಂದು ಕೈ, ಸಡಿಲವಾದ ಹಗ್ಗ ಅವನ ಕಡೆಗೆ ಹೋಗಿ ಸುತ್ತಲೂ ಸುರುಳಿಯಾಗುತ್ತಿತ್ತು, ಅವನು ತಲೆಯೆತ್ತದೆ, ಬಾವಿಯಿಂದ ನೀರು ಸೇದುವವನ ಹಾಗೆ, ಒಂದೇ ಹದದಲ್ಲಿ ಎಳೆಯುತ್ತಿದ್ದ. ಈರಣ್ಣ ಬಾಗಿಲಂಚಿನಿಂದ ಮೇಲೆದ್ದ. ಎಲ್ಲಿಗೆ ಎಂದೆ. ಒಬ್ನೇ ಅವ್ನೆ, ನಾನು ಹೋಯ್ತೀನಿ ಬುಡು ಎಂದ, ಅಷ್ಟೇ, ಹೋದ, ಹೋದರೆ ವಾಪಸ್ಸು ಬರುವ ಹಾಗಿಲ್ಲ ಎಂಬುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹಡಗು ದೂರ ಸರಿಯುವಾಗ ಕಿಟಕಿಯಲ್ಲಿ ಕಂಡದ್ದು ಇಷ್ಟು, ಕಂಬಳಿ ದಯಾನಂದನ ಬೆನ್ನಿನ ಮೇಲೆ ಹರಡಿಕೊಂಡಿತ್ತು, ಮುಂದುಗಡೆ ಅವನ ಎರಡು ಕೈ.

ಅವ್ವ ಮೋಟರು ನಿಲ್ಲಿಸಿದ್ದಾಳೆ. ಅಂಗಳದಲ್ಲಿ ಸದ್ದಿಲ್ಲ, ತೋಟದ ಕಡೆಯಿಂದ ಗರಿ ಬಿದ್ದ ಸದ್ದು ಮಾತ್ರ. ಹೇಳಬಾರದು ಎಂದು ಸಹಿ ಹಾಕಿಸಿಕೊಂಡಿದ್ದಾರೆ, ಹಗ್ಗವನ್ನೂ ಅವು ಕಲಿತವು ಎಂದು ಜನರಿಗೆ ತಿಳಿಯಬಾರದು, ಸರಿ, ಅದನ್ನು ಹೇಳಬೇಕಾಗಿಯೂ ಇಲ್ಲ, ಹನ್ನೊಂದು ದಿನದಿಂದ ನನ್ನ ಬಾಯಿ ಕಟ್ಟಿದ್ದು ಆ ಸಹಿಯಲ್ಲ. ಅವ್ವ ಹುರಿಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನನ್ನು ನೋಡದೆ, ಹೆಬ್ಬೆರಳನ್ನು ನೋಡಿಕೊಳ್ಳುತ್ತಾ ಕೇಳುತ್ತಾಳೆ, ಗಂಟ್ ಬಿದ್ದಿರೋ ತಾವ್ಲೇ ಕಿತ್ತೋಯ್ತೇನವ್ವ. ನಾನು ಹೇಳಿಬಿಡುತ್ತೇನೆ, ದನಿ ಏರುವುದೂ ಇಲ್ಲ ಇಳಿಯುವುದೂ ಇಲ್ಲ, ನಿನ್ನ ಹಗ್ಗ ಕಿತ್ತೋಗ್ಲಿಲ್ಲ ಕಣವ್ವ, ನಾನೇ ಕುಯ್ದೆ. ಯಾಕೆ ಎಂದು ಕೇಳುತ್ತಾಳೆ ಎಂದುಕೊಳ್ಳುತ್ತೇನೆ, ಕೇಳುವುದಿಲ್ಲ, ಎದ್ದು ಬಂದು ನನ್ನ ಮೊಣಕಾಲಿನ ಮೇಲಿದ್ದ ನಾರನ್ನು ಕೊಡವುತ್ತಾಳೆ, ಕೊಡವಿ, ಇದುನ್ನ ಇನ್ಯಾರ್ ತಾವೂ ಅನ್ಬ್ಯಾಡ ಎನ್ನುತ್ತಾಳೆ, ಹುಳಿಯಾರ್ನೋರು ಹಗ್ಗ ಕಿತ್ತೋಯ್ತು ಅಂತ್ಲೇ ಅನ್ಕಳ್ಳಿ ಬುಡು. ಮತ್ತೆ ರಾಟೆಯ ಕಡೆಗೆ ಹೋಗುತ್ತಾಳೆ, ಸ್ವಿಚ್ಚಿನ ಮೇಲೆ ಕೈಯಿಟ್ಟವಳು ಒತ್ತುವುದಿಲ್ಲ, ತಿರುಗಿ ನಿಂತು, ಮೆಲ್ಲಗೆ, ಅವುನ್ಗೆ ಗೊತ್ತಾಯ್ತೇನವ್ವ ಎಂದು ಕೇಳುತ್ತಾಳೆ. ವಿಚಾರಣೆಯಲ್ಲಿ ಯಾರೂ ಕೇಳದ ಪ್ರಶ್ನೆ, ಇಲ್ಲ ಎನ್ನಬಹುದು, ಈರಣ್ಣ ಹೇಳಿರಬಹುದು ಎನ್ನಬಹುದು, ಹೇಳದೆಯೂ ಇರಬಹುದು, ಗೊತ್ತಾಗಿದ್ದರೆ ಎಳೆಯುವುದನ್ನು ನಿಲ್ಲಿಸುತ್ತಿದ್ದ, ಗೊತ್ತಾಗಿಯೂ ಎಳೆಯುತ್ತಿದ್ದನೋ ಏನೋ, ಹಡಗು ತಿರುಗುವವರೆಗೂ ನೋಡಿದೆ, ತಲೆಯೆತ್ತಲಿಲ್ಲ, ಅವ್ವ ಕಾಯುತ್ತಿದ್ದಾಳೆ, ಏನಾದರೂ ಹೇಳಬೇಕು, ಒಂದು ಕೈ, ಅದರ ಮುಂದೆ ಇನ್ನೊಂದು ಕೈ, ಸುರುಳಿ ಸುತ್ತಿಕೊಳ್ಳುವ ಹಗ್ಗ, ಒಂದು ಕೈ, ಇನ್ನೊಂದು ಕೈ, ಒಂದು ಕೈ –