ಪೂಜೆ ಮಾಡಿದ ವೆಲ್ಡಿಂಗ್ ರಾಡು

ಅಫಜಲಪುರದ ವೆಲ್ಡರ್ ಚಂದ್ರಾಮಪ್ಪ ಪ್ರತಿ ಮಹಾನವಮಿಗೂ ಮಷೀನಿನ ಮುಂದೆ ಹೊಸ ರಾಡಿನ ಪುಡಿಕೆ ಬಿಚ್ಚಿಟ್ಟು, ಕುಂಕುಮ ಹಚ್ಚಿ, ತಂಬಿಗೆ ನೀರು ಚಿಮುಕಿಸುತ್ತಿದ್ದ. ಹಬ್ಬ ಮುಗಿದ ಮೇಲೆ ಮೊದಲ ಕೆಲಸ ಆ ರಾಡುಗಳಿಂದಲೇ. ಇಪ್ಪತ್ತು ವರ್ಷದಲ್ಲಿ ಅವುಗಳಿಂದ ಬೆಸೆದ ನೇಗಿಲು, ಗೇಟು ಒಂದೂ ಬೆಸುಗೆ ಬಿಟ್ಟಿರಲಿಲ್ಲ.

೧೯೮೬ರಲ್ಲಿ ಆ ಮೊದಲ ಕೆಲಸ ತಂದವನು ಗೆಳೆಯ ಸರ್ದಾರ. ಬಸವಂತರಾಯರ ಟ್ರ್ಯಾಕ್ಟರಿನ ಡ್ರೈವರ್. ಟ್ರಾಲಿಯನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಹುಕ್ಕು ಮುರಿದಿತ್ತು; ಹಳೆಯ ಲಾರಿಯ ಎಕ್ಸೆಲ್, ಅಂದರೆ ಗಾಲಿಯ ಅಚ್ಚು, ಕಡಿಸಿ ಮಾಡಿಸಿದ್ದು.

"ಲೇ ಚಂದ್ರಾಮಾ, ದೇವ್ರ ಮುಂದ ಎಷ್ಟೊತ್ತು ಕುಂದರ್ತಿ? ಹಚ್ಚು ಲಗೂನ."

"ನೀ ಮುರಿಯಾಂವ, ನಾ ಹಚ್ಚಾಂವ. ಇಷ್ಟೇ ನಮ್ಮ ಬಾಳೇವು."

ಮರುದಿನ ಚೌಡಾಪುರದ ಏರಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ತುಂಬಿದ ಟ್ರಾಲಿಯ ಹುಕ್ಕು, ಪೂಜೆಯ ರಾಡಿನಿಂದ ಬೆಸೆದಲ್ಲೇ, ತುಂಡಾಯಿತು. ಹಿಂದಕ್ಕೆ ಉರುಳುವ ಟ್ರಾಲಿಯ ಗಾಲಿಗೆ ಅಡ್ಡ ಕಲ್ಲು ಕೊಡಲು ಜಿಗಿದ ಸರ್ದಾರ ಅದರಡಿ ಸತ್ತ. ಕುಡಿದು ಗಾಡಿ ಹೊಡೆದ ಅಂದರು ಬಸವಂತರಾಯರು. ಊರೂ ಅದನ್ನೇ ಹೇಳಿತು.

ಐಟಿಐಯಲ್ಲಿ ವೆಲ್ಡಿಂಗ್ ಕಲಿಸುವ ಮಾಸ್ತರ ಶ್ರೀಪಾದ, ಚಂದ್ರಾಮಪ್ಪ ತಂದು ತೋರಿಸಿದ ತುಂಡಾದ ಹುಕ್ಕನ್ನು ಬಹಳ ಹೊತ್ತು ನೋಡಿದರು. "ರಾಡಿಗೆ ನೀರು ತಾಗಿತ್ತೇನ್ರಿ?"

"ಪೂಜಾ ಮಾಡಿದ್ದೆ ಸರ್."

"ನೀರಿನಾಗಿನ ಹೈಡ್ರೋಜನ್ ಬೆಸುಗಿ ಒಳಗ ಹೋಗ್ತದ. ಸಾದಾ ಕಬ್ಬಿಣ ಮೆತ್ತಗಿರ್ತದ, ತಡೀತದ. ಎಕ್ಸೆಲ್ಲಿನ ಉಕ್ಕಿಗೆ ಕ್ರೋಮಿಯಂ ಬೆರಸಿರ್ತಾರ. ಅದು ಆರಿದಂಗ ಗಡಸಾಗಿ, ಒಂದು ದಿನ ಬಿಟ್ಟು ಒಳಗಿಂದೊಳಗೇ ಬಿರೀತದ. ಮ್ಯಾಲೆ ಏನೂ ಕಾಣಂಗಿಲ್ಲ."

ಚಂದ್ರಾಮಪ್ಪ ನಾಲ್ಕು ದಿನ ಅಂಗಡಿ ತೆರೆಯಲಿಲ್ಲ. ಈ ಮಾತು ಗೊತ್ತಿದ್ದವರು ಇಬ್ಬರೇ. ಶ್ರೀಪಾದ ಯಾರಿಗೂ ಹೇಳುವವರಲ್ಲ. ಸುಮ್ಮನಿದ್ದರೆ ಸುಮ್ಮನೇ ಮುಚ್ಚಿಹೋಗುತ್ತಿತ್ತು. ಐದನೆಯ ದಿನ ಸರ್ದಾರನ ಮನೆಗೆ ಹೋದ. ಹೆಂಡತಿ ಗೌಸಿಯಾಬೇಗಂ ಪರದೆಯ ಆಚೆ ಕೂತಿದ್ದಳು. ಅವನು ತಡವರಿಸುತ್ತ ಎಲ್ಲವನ್ನೂ ಹೇಳಿದ. ಅವಳು ಬಯ್ದಿದ್ದರೆ ಸಮಾಧಾನವಾದರೂ ಆಗುತ್ತಿತ್ತು.

"ಅಂದ್ರ ಅವ್ರು ಕುಡಿದಿರಲಿಲ್ಲ."

"ಇಲ್ಲ ತಂಗಿ."

"ನನಗ್ಯಾಕ ಹೇಳ್ತೀ ಅಣ್ಣಾ? ಅವ್ರು ಕುಡಿಯಂಗಿಲ್ಲಂತ ನನಗ ಗೊತ್ತದ. ಗಂಡ ಹೋದಾಕಿಗೆ ನಾಕ ತಿಂಗಳ ಹತ್ತು ದಿನ ಇದ್ದತ್. ಅದು ಮುಗಿಯೋತನಕ ನಾ ಹೊಸ್ತಿಲ ದಾಟಂಗಿಲ್ಲ. ನೀ ಊರಾಗ ಹೇಳು."

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬಸವಂತರಾಯರು ಚಹಾ ಕುಡಿಯುತ್ತಿದ್ದರು. ಚಂದ್ರಾಮಪ್ಪ ಬಾಗಿಲಲ್ಲೇ ನಿಂತು, ಸರ್ದಾರ ಕುಡಿದಿರಲಿಲ್ಲ, ಬಿರಿದದ್ದು ತನ್ನ ಬೆಸುಗೆ ಎಂದು ಹೇಳಿದ. ಚಹಾ ಕುಡಿಯುತ್ತಿದ್ದವರು ಕೈಯಲ್ಲಿದ್ದ ಬಸಿ ಕೆಳಗಿಟ್ಟು ಅವನತ್ತ ತಿರುಗಿದರು.

"ತಲಿ ಕೆಟ್ಟದೇನು ನಿನಗ? ಹೋಗು ಮನಿಗೆ," ಅಂದರು ರಾಯರು.

ಅಂದಿನಿಂದ ಸರ್ದಾರನ ಕುಡಿತದ ಮಾತು ನಿಂತಿತು. ಬೆಸುಗೆಗೆ ಕಬ್ಬಿಣ ಹೊತ್ತ ಗಾಡಿಗಳು ಚಂದ್ರಾಮಪ್ಪನ ಅಂಗಡಿ ದಾಟಿ ಮುಂದೆ ಹೋಗತೊಡಗಿದವು. ಅವನು ಯಾರನ್ನೂ ಕೂಗಿ ಕರೆಯಲಿಲ್ಲ.