ವಿಧವೆಯರ ಜಾಲರಿ

"ಮತ್ತೆ ಎದ್ದ್ಯಾ? ಕೂತ್ಕೊ," ಎಂದು ದೋನ್ಯಾ ಗುಮೆರ್ಸಿಂದಾ ಬೀಸಣಿಗೆಯಿಂದ ಸೊಸೆಯ ಮೊಣಕೈಗೆ ತಟ್ಟಿದರು.

ಎದೆಲ್ಮಿರಾ ಕೂರಲಿಲ್ಲ. ಬ್ಯೂನಸ್ ಐರಿಸಿನ ಆ ಹಳೆಯ ರಂಗಮಂದಿರದಲ್ಲಿ ವಿಧವೆಯರಿಗೆಂದೇ ಮಾಡಿದ ಕಿರುಕೋಣೆ ಅದು. ಮುಂದೆ ಹಿತ್ತಾಳೆಯ ದಟ್ಟ ಜಾಲರಿ. ಕಪ್ಪು ಉಟ್ಟವರು ಒಳಗೆ ಕುಳಿತು ಆಟ ನೋಡಬಹುದು, ಅವರನ್ನು ಯಾರೂ ನೋಡುವಂತಿಲ್ಲ. ಅವಳ ಗಂಡ ಹೋಗಿ ಏಳು ತಿಂಗಳಾಗಿತ್ತು.

ಈ ಭಾನುವಾರ ಮಧ್ಯಾಹ್ನ ಮಗಳು ಒತಿಲಿಯಾ ಮೇಳದಿಂದ ಮುಂದೆ ಬಂದು ಮೊದಲ ಸಲ ಒಬ್ಬಳೇ ಹಾಡುವವಳಿದ್ದಳು. ಮಗಳದು ಹೊಟ್ಟೆಪಾಡು, ಅವಳಿಗೆ ಶೋಕದ ಕಟ್ಟಳೆಯಿಂದ ರಿಯಾಯಿತಿ ಇತ್ತು; ತಾಯಿಗೆ ಇರಲಿಲ್ಲ. ಚಿಕ್ಕಂದಿನಿಂದಲೂ ಅಮ್ಮನ ಮುಖ ನೋಡಿಕೊಂಡೇ ಹಾಡಿದ ಹುಡುಗಿ. ಮೇಳ ಸೇರಿದ ಮೇಲೂ ಅವಳ ಕಣ್ಣು ಐದನೆಯ ಅಂತಸ್ತಿನ ಹೆಂಗಸರ ಅಟ್ಟದ ಎಡತುದಿಯ ಮೇಲೆಯೇ. ಏಳು ತಿಂಗಳಿಂದ ಅಲ್ಲಿ ಅಮ್ಮ ಇಲ್ಲ. ಉಳಿದವರ ದನಿಯ ಮರೆಯಲ್ಲಿ ಹೇಗೋ ನಡೆಯಿತು. ಮೊನ್ನೆ ತಾಲೀಮಿನಲ್ಲಿ ಒಬ್ಬಳೇ ನಿಂತಾಗ ಮೊದಲ ಸಾಲಿನಲ್ಲೇ ಹಾಡು ನಿಂತುಹೋಯಿತು. "ಭಾನುವಾರವೂ ಹೀಗಾದ್ರೆ ವಾಪಸ್ ಮೇಳಕ್ಕೆ," ಎಂದುಬಿಟ್ಟಿದ್ದರು ಸಂಗೀತ ನಿರ್ದೇಶಕರು.

"ಅತ್ತೆ, ನಾನು ಅಟ್ಟಕ್ಕೆ ಹೋಗ್ತೀನಿ."

"ಬುದ್ಧಿ ನೆಟ್ಟಗಿದ್ಯಾ? ನನ್ನ ಮಗನ ಗೋರಿಯ ಮಣ್ಣು ಇನ್ನೂ ಹಸಿ. ಚರ್ಚಿನ ಮೆಟ್ಟಿಲ ಮೇಲೆ ನಾನು ಯಾರಿಗೆ ಮುಖ ತೋರಿಸ್ಲಿ?"

"ಅವರಿದ್ದಿದ್ರೆ ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಮೆಟ್ಟಿಲು ಹತ್ತೋರು."

"ಸೊಂಟನೋವಿನ ಪ್ರಾಣಿ, ಅವನೇನು ಹೊರ್ತಿದ್ದ!" ಮುದುಕಿಯ ದನಿ ಗಡುಸಾಯಿತು. "ಹೋದ್ಯೋ, ಮತ್ತೆ ನನ್ನ ಹೊಸಿಲು ತುಳೀಬೇಡ."

ಎದೆಲ್ಮಿರಾ ಬಾಗಿಲು ತೆರೆದು ಹೊರಬಿದ್ದಳು. ಅಮೃತಶಿಲೆಯ ಮೆಟ್ಟಿಲು ಮೂರನೆಯ ಅಂತಸ್ತಿಗೇ ಮುಗಿಯಿತು. ಮುಂದೆ ಕಡಿದಾದ ಮರದ ಮೆಟ್ಟಿಲು. ಅರ್ಧ ಹತ್ತುವಷ್ಟರಲ್ಲಿ ಕೆಳಗೆ ವಾದ್ಯಗಳು ಶುರುವಾದವು. ಒಂದು ಕೈಯಲ್ಲಿ ಲಂಗವೆತ್ತಿ, ಇನ್ನೊಂದರಲ್ಲಿ ಗೋಡೆ ಹಿಡಿದು ಹತ್ತಿದಳು.

ಅಟ್ಟದಲ್ಲಿ ಹೆಂಗಸರು ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಎಡತುದಿಯಲ್ಲಿ, ಎದೆಲ್ಮಿರಾ ಮೊದಲು ನಿಲ್ಲುತ್ತಿದ್ದ ಜಾಗದಲ್ಲಿ, ಮೀನು ಮಾರುವ ಫಿಲೊಮೆನಾ.

"ಯಾರಪ್ಪಾ ಇದು, ಮುಸುಕಿನ ಮಹಾತಾಯಿ! ನಿಮ್ಮ ಪಂಜರ ಕೆಳಗಿದೆ ಕಣಮ್ಮಾ."

"ಸ್ವಲ್ಪ ಜಾಗ ಬಿಡು, ಫಿಲೊಮೆನಾ."

"ಹನ್ನೊಂದು ಗಂಟೆಯಿಂದ ನಿಂತು ಕಾಲು ಬಿದ್ದುಹೋಗ್ತಾ ಇದೆ ನಂಗೆ. ಬಂದ ತಕ್ಷಣ ಜಾಗ ಬಿಡೋಕೆ ಇದೇನು ನಿಮ್ಮಪ್ಪನ ಟ್ರಾಮ್ ಗಾಡಿಯಾ?"

"ನನ್ನ ಮಗಳು ಹಾಡ್ತಾಳೆ. ಒಬ್ಬಳೇ."

ಫಿಲೊಮೆನಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಪಕ್ಕದವಳಿಗೆ ಮೊಣಕೈಯಿಂದ ತಿವಿದಳು. ಒಬ್ಬರು ನಿಲ್ಲುವಷ್ಟು ಜಾಗವಾಯಿತು.

ಆಟ ನಡೆದು, ಒತಿಲಿಯಾಳ ಸರದಿ ಬಂತು. ಅವಳು ಮುಂದೆ ಬಂದು ಗಲ್ಲ ಮೇಲೆತ್ತಿದಳು. ಕಣ್ಣು ಅಟ್ಟವನ್ನು ತಡಕಿತು, ಮತ್ತೆ ತಡಕಿತು. ಪಿಟೀಲುಗಳು ಅವಳ ಸಾಲಿನ ಹತ್ತಿರ ಬಂದುಬಿಟ್ಟಿದ್ದವು.

ಆ ಮಬ್ಬಿನಲ್ಲಿ ಕಪ್ಪು ಮುಸುಕು ಯಾರಿಗೆ ಕಂಡೀತು? ಎದೆಲ್ಮಿರಾ ಅದನ್ನು ಕಿತ್ತು ತೆಗೆದಳು. ಕಟಕಟೆಯ ಮೇಲೆ ಸೊಂಟದವರೆಗೆ ಬಾಗಿ, ದೀಪದ ಬೆಳಕಿಗೆ ಮುಖ ಒಡ್ಡಿದಳು. ಕೆಳಗಿನ ಸಾಲುಗಳಲ್ಲಿ ದುರ್ಬೀನುಗಳು ಒಂದೊಂದಾಗಿ ರಂಗ ಬಿಟ್ಟು ಮೇಲಕ್ಕೆ ತಿರುಗಿದವು. ತಿರುಗಲಿ.

ಒತಿಲಿಯಾಳ ಕಣ್ಣು ಆ ಮುಖದ ಮೇಲೆ ನಿಂತಿತು. ಅವಳು ಉಸಿರು ತುಂಬಿಕೊಂಡಳು.

ಫಿಲೊಮೆನಾ ಹಿಂದಿನಿಂದ ಆ ಕಪ್ಪು ಲಂಗವನ್ನು ಎರಡೂ ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಳು. ಹಾಡು ಮುಗಿಯುವವರೆಗೂ ಬಿಡಲಿಲ್ಲ.